ಒಂದೇ ವೋಟಿನ ಸಂತೆಮರಹಳ್ಳಿ ಎಲ್ಲಿ ಹೋಯಿತು?

[ಸ್ಕ್ರೀನ್ ಮೇಲೆ ಎರಡೇ ಸಂಖ್ಯೆ: 40,752 ಮತ್ತು 40,751]

ನಮಸ್ಕಾರ. ಈ ಎರಡು ಸಂಖ್ಯೆಗಳನ್ನು ನೀವು ಎಲ್ಲೋ ನೋಡಿರುತ್ತೀರಿ. ಚುನಾವಣೆ ಹತ್ತಿರ ಬಂದಾಗ "ನಿಮ್ಮ ಒಂದು ವೋಟಿನ ಬೆಲೆ ಗೊತ್ತಾ" ಅಂತ ವಾಟ್ಸಾಪಲ್ಲಿ ಬರುತ್ತದಲ್ಲ, ಅದೇ. 2004ರ ವಿಧಾನಸಭೆ ಚುನಾವಣೆ, ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಮೀಸಲು ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751.

ಇಲ್ಲಿವರೆಗೆ ಎಲ್ಲರಿಗೂ ಗೊತ್ತಿರೋ ಕಥೆ. ಆದರೆ ಮೊನ್ನೆ ಸುಮ್ನೆ ಕೂತು ಈಗಿನ 224 ಕ್ಷೇತ್ರಗಳ ಪಟ್ಟಿಯಲ್ಲಿ ಸಂತೆಮರಹಳ್ಳಿ ಹುಡುಕಿದೆ. ಇಲ್ಲ. ಇನ್ನೊಂದು ಸಲ ಮೇಲಿಂದ ಕೆಳಗೆ ಬಂದೆ, ಆಗಲೂ ಇಲ್ಲ. ಊರು ಇದೆ, ಹೋಬಳಿ ಇದೆ, ಯಳಂದೂರಿನ ಕಡೆಗೆ, ಟಿ. ನರಸೀಪುರದ ಕಡೆಗೆ ಹೋಗುವ ಬಸ್ಸುಗಳೂ ಇವೆ. ಕ್ಷೇತ್ರ ಮಾತ್ರ ಇಲ್ಲ. ಒಂದು ವೋಟಿಗೆ ಅಷ್ಟು ಹೆಸರು ಮಾಡಿದ ಕ್ಷೇತ್ರವನ್ನು ಯಾರು ಅಳಿಸಿದರು?

[ಹಳೆಯ ಜಿಲ್ಲಾ ನಕ್ಷೆ]

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಈ ಸೀಮೆಯ ದೊಡ್ಡ ಹೆಸರು ಬಿ. ರಾಚಯ್ಯ. ಚಾಮರಾಜನಗರ ತಾಲ್ಲೂಕಿನ ಆಲೂರಿನವರು. ಸಂತೆಮರಹಳ್ಳಿಯ ಶಾಸಕರಾಗಿದ್ದವರು, ರಾಜ್ಯದಲ್ಲಿ ಮಂತ್ರಿಯಾಗಿದ್ದವರು, 1990ರ ದಶಕದಲ್ಲಿ ಕೇರಳದ ರಾಜ್ಯಪಾಲರಾಗಿದ್ದವರು. ಕೃಷ್ಣಮೂರ್ತಿ ಇದೇ ರಾಚಯ್ಯನವರ ಮಗ. ಎ.ಆರ್. ಅಂದರೆ ಆಲೂರು ರಾಚಯ್ಯ. ಅಂದರೆ 2004ರಲ್ಲಿ ಒಂದು ವೋಟಿಗೆ ಸೋತವರು ಯಾರೋ ಹೊಸಬರಲ್ಲ, ಅಪ್ಪನ ಕ್ಷೇತ್ರದಲ್ಲಿ ನಿಂತಿದ್ದ ಮಗ.

ಈಗ ಆ ಡ್ರೈವರ್ ಕಥೆಗೆ ಬರೋಣ. ಕೃಷ್ಣಮೂರ್ತಿಯವರ ಕಾರಿನ ಡ್ರೈವರ್ ಅದೇ ಕ್ಷೇತ್ರದ ಮತದಾರ, ಮತದಾನದ ದಿನ ಓಡಾಟ ಜಾಸ್ತಿ ಇದ್ದಿದ್ದರಿಂದ ಆತನಿಗೆ ವೋಟ್ ಹಾಕಲು ಬಿಡುವೇ ಸಿಗಲಿಲ್ಲ ಅಂತ ಕಥೆ. "ಅಯ್ಯೋ, ಡ್ರೈವರ್ ವೋಟ್ ಹಾಕಿದ್ದರೆ ಗೆದ್ದುಬಿಡುತ್ತಿದ್ದರು" ಅಂತ ಇಪ್ಪತ್ತು ವರ್ಷದಿಂದ ಜನ ಹೇಳುತ್ತಲೇ ಇದ್ದಾರೆ.

ಒಂದು ನಿಮಿಷ. ಲೆಕ್ಕ ಹಾಕಿ.

[ಬೋರ್ಡ್ ಮೇಲೆ ಬರೆಯುತ್ತಾ: 40,751 + 1 = 40,752]

ಗೆಲ್ಲುತ್ತಿರಲಿಲ್ಲ! ಸಮ ಆಗುತ್ತಿತ್ತು, ಅಷ್ಟೇ. ಇಷ್ಟು ವರ್ಷ ಈ ಫಾರ್ವರ್ಡ್ ಓದಿದ್ದೇನೆ, ಒಮ್ಮೆಯೂ ನನಗೆ ಇದು ಹೊಳೆದಿರಲಿಲ್ಲ. ಸಮ ಆದರೆ ಏನು ಮಾಡುತ್ತಾರೆ? ಮರುಚುನಾವಣೆ ಅಂದುಕೊಂಡಿದ್ದರೆ ತಪ್ಪು. 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತುತ್ತಾರೆ. ಹೌದು, ಚೀಟಿ. ಊರಲ್ಲಿ ಚೀಟಿ ಹಣ ಯಾರಿಗೆ ಅಂತ ಎತ್ತುತ್ತಾರಲ್ಲ, ಹಾಗೇ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಾನೂನಿನ ಭಾಷೆ. ಚೀಟಿ ಯಾರ ಹೆಸರಿಗೆ ಬಂತೋ ಅವರಿಗೆ ಇನ್ನೊಂದು ಹೆಚ್ಚುವರಿ ವೋಟ್ ಬಿದ್ದಿದೆ ಅಂತ ಭಾವಿಸಬೇಕಂತೆ. ಅದೃಷ್ಟಕ್ಕೂ ಒಂದು ವೋಟಿನ ಹಕ್ಕು ಕೊಟ್ಟಿರುವ ಕಾನೂನು ಸ್ವಾಮಿ ಇದು. ಅಂದರೆ ಆ ಡ್ರೈವರ್ ಸಂಜೆ ಐದಕ್ಕೆ ಓಡಿಹೋಗಿ ಬಟನ್ ಒತ್ತಿದ್ದರೂ ಕೃಷ್ಣಮೂರ್ತಿ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ. ಅದೂ ಆತ ತನ್ನ ಯಜಮಾನರಿಗೇ ಒತ್ತುತ್ತಿದ್ದ ಅಂತ ಇಟ್ಟುಕೊಂಡರೆ! ಗುಟ್ಟಿನ ಮತದಾನ ಅಲ್ವಾ, ಒಳಗೆ ಹೋದ ಮೇಲೆ ಯಾರ ಕೈ ಯಾರು ಹಿಡಿಯುತ್ತಾರೆ.

ಇನ್ನೊಂದು ವಿಷಯ. ಆ ಚುನಾವಣೆ ಇವಿಎಂನಲ್ಲಿ ಆಗಿತ್ತು. ಬ್ಯಾಲೆಟ್ ಪೇಪರ್ ಕಾಲವಾಗಿದ್ದರೆ ಇಷ್ಟು ಕಡಿಮೆ ಅಂತರಕ್ಕೆ ಗಲಾಟೆಯೇ ಗಲಾಟೆ. ಈ ಮುದ್ರೆ ಗೆರೆ ದಾಟಿದೆ, ಆ ಮುದ್ರೆ ಮಸುಕಾಗಿದೆ, ಇದು ಕುಲಗೆಟ್ಟ ಮತ ಅಂತ ಬೆಳಗಿನ ಜಾವದವರೆಗೆ ಜಗಳ ನಡೆಯುತ್ತಿತ್ತು. ಮಷಿನ್ ಹತ್ತಿರ ಏನು ಜಗಳ ಆಡುತ್ತೀರಿ? ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ತೋರಿಸುತ್ತದೆ.

ಇದೇ ಜಾಡು ಹಿಡಿದು ಹೋಗಿ ನಾನು ಕೆನಡಾದಲ್ಲಿ ಸಿಕ್ಕಿಕೊಂಡೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ ಅಟ್ಲಿನ್ ಅಂತ ಒಂದು ಕ್ಷೇತ್ರ ಇತ್ತು. 1949ರಲ್ಲಿ ಅಲ್ಲಿಂದ ಗೆದ್ದ ಫ್ರಾಂಕ್ ಕಾಲ್ಡರ್ ಆ ಪ್ರಾಂತ್ಯದ ಶಾಸನಸಭೆಗೆ ಹೋದ ಮೊದಲ ಮೂಲನಿವಾಸಿ. ಮೂಲನಿವಾಸಿಗಳ ಭೂಮಿ ಹಕ್ಕಿಗಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋದ ಮನುಷ್ಯ. 1973ರ ಆ ತೀರ್ಪಿಗೆ ಇವತ್ತಿಗೂ ಅವರದೇ ಹೆಸರು. ಇಷ್ಟು ದೊಡ್ಡ ಮನುಷ್ಯ 1979ರಲ್ಲಿ ಸೋತರು. ಎಷ್ಟಕ್ಕೆ? ಒಂದು ವೋಟಿಗೆ. ಆವತ್ತು ಅವರೂ ವೋಟ್ ಹಾಕಿರಲಿಲ್ಲ, ಅವರ ಹೆಂಡತಿಯೂ ಹಾಕಿರಲಿಲ್ಲ ಅಂತಾರೆ. ಇಲ್ಲಿ ನೋಡಿ, ಎರಡು ವೋಟು, ಚೀಟಿಯ ಹಂಗಿಲ್ಲದೆ ಗೆದ್ದುಬಿಡಬಹುದಿತ್ತು! ಮಜಾ ಏನೆಂದರೆ ಅಟ್ಲಿನ್ ಕ್ಷೇತ್ರ ಕೂಡ ಈಗಿಲ್ಲ. 1991ರ ಚುನಾವಣೆ ಹೊತ್ತಿಗೆ ಅದನ್ನೂ ನಕ್ಷೆಯಿಂದ ತೆಗೆದುಹಾಕಿದ್ದರು. ಒಂದು ವೋಟಿನ ಶಾಪ ಅಂತ ಥಂಬ್‌ನೇಲ್ ಹಾಕಿ ಅಂತ ನಮ್ಮ ಎಡಿಟರ್ ಹಠ ಮಾಡಿದ. ಹಾಕಲಿಲ್ಲ. ಮುಖ್ಯಮಂತ್ರಿ ಬಂದರೆ ಕುರ್ಚಿ ಹೋಗುತ್ತದೆ ಅಂತ ಚಾಮರಾಜನಗರಕ್ಕೆ ಅಂಟಿಸಿರುವ ಮೂಢನಂಬಿಕೆ ಒಂದೇ ಸಾಕು.

[ಸ್ಕ್ರೀನ್ ಮೇಲೆ: 9.65 ಲಕ್ಷ ÷ 2.36 ಲಕ್ಷ]

ಶಾಪವೂ ಇಲ್ಲ, ಪಿತೂರಿಯೂ ಇಲ್ಲ, ಬರೀ ಭಾಗಾಕಾರ. 2004ರವರೆಗೆ ನಮ್ಮ ಕ್ಷೇತ್ರಗಳ ಗಡಿ 1971ರ ಜನಗಣತಿ ನೋಡಿ ಹಾಕಿದ್ದು. ಆಮೇಲೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಕ್ಷೇತ್ರ ಪುನರ್ವಿಂಗಡಣೆ ಆಯೋಗ 2001ರ ಜನಗಣತಿ ಇಟ್ಟುಕೊಂಡು ಎಲ್ಲ ಗಡಿಗಳನ್ನೂ ಹೊಸದಾಗಿ ಎಳೆಯಿತು. ಒಟ್ಟು ಸೀಟು ಮಾತ್ರ 224 ದಾಟುವಂತಿಲ್ಲ. ರಾಜ್ಯದ ಜನ ಸುಮಾರು 5.28 ಕೋಟಿ, ಅಂದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ. ಚಾಮರಾಜನಗರ ಜಿಲ್ಲೆಯ ಜನ 9.65 ಲಕ್ಷ. ಭಾಗಿಸಿದರೆ ನಾಲ್ಕು ಚಿಲ್ಲರೆ. ಜಿಲ್ಲೆಯಲ್ಲಿ ಇದ್ದದ್ದು ಐದು ಕ್ಷೇತ್ರ: ಚಾಮರಾಜನಗರ, ಗುಂಡ್ಲುಪೇಟೆ, ಹನೂರು, ಕೊಳ್ಳೇಗಾಲ, ಸಂತೆಮರಹಳ್ಳಿ. ಒಂದು ಹೋಗಲೇಬೇಕಿತ್ತು. ಸಂತೆಮರಹಳ್ಳಿ ಹೋಯಿತು. ಅದರ ಹೋಬಳಿಯನ್ನು ಕೊಳ್ಳೇಗಾಲ ಮೀಸಲು ಕ್ಷೇತ್ರಕ್ಕೆ ಸೇರಿಸಿದರು. ಜನ ತುಂಬಿದ ಬೆಂಗಳೂರಿಗೆ ಸೀಟು ಜಾಸ್ತಿ ಸಿಕ್ಕಿತು, ಇಂಥ ಕಡೆ ಕಡಿಮೆಯಾಯಿತು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ "ನಮ್ಮ ಕ್ಷೇತ್ರ" ಅಂತ ಹೇಳಿಕೊಳ್ಳುತ್ತಿದ್ದ ಊರಿನವರು ಒಂದು ಬೆಳಗ್ಗೆ ಬೇರೆ ಕ್ಷೇತ್ರದ ಒಂದು ಮೂಲೆ ಆಗಿಬಿಡುವುದು ಅಂದರೆ, ನನಗಂತೂ ಸ್ವಲ್ಪ ಬೇಜಾರೇ. ಹೊಸ ಗಡಿಗಳಲ್ಲಿ ಮೊದಲು ಚುನಾವಣೆ ನಡೆದ ರಾಜ್ಯವೂ ನಮ್ಮದೇ, 2008ರ ಮೇನಲ್ಲಿ.

ಟೈಮ್ ಆಗಲೇ ಮೀರಿದೆ, ಉಳಿದದ್ದನ್ನು ಒಂದೇ ಉಸಿರಿಗೆ ಹೇಳುತ್ತೇನೆ. 2004ರಲ್ಲಿ ಯಾರಿಗೂ ಬಹುಮತ ಬರದೆ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಧರ್ಮಸಿಂಗ್ ಸರ್ಕಾರ ಮಾಡಿದವು, ಅಂದರೆ ಒಂದು ವೋಟಿಗೆ ಕಾದಾಡಿದ ಇಬ್ಬರ ಪಕ್ಷವೂ ಎರಡು ವಾರದಲ್ಲಿ ಅಕ್ಕಪಕ್ಕ ಕೂತವು. ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು, 2009ರಲ್ಲಿ ಚಾಮರಾಜನಗರ ಲೋಕಸಭೆಗೆ ನಿಂತರು. ಎದುರಿಗೆ ಯಾರು? ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ಅಂತರ ಸುಮಾರು ನಾಲ್ಕು ಸಾವಿರ. 2014ರಲ್ಲೂ ಅದೇ ಜೋಡಿ, ಆಗ 1.4 ಲಕ್ಷಕ್ಕೂ ಜಾಸ್ತಿ. ಮೂರು ಸಲವೂ ಗೆದ್ದವರು ಧ್ರುವನಾರಾಯಣ. 2019ರಲ್ಲಿ ಮಾತ್ರ ಅವರೇ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ವೋಟಿಗೆ ಸೋತರು. ಇತ್ತ ಕೃಷ್ಣಮೂರ್ತಿ ಕಾಂಗ್ರೆಸ್ಸಿಗೆ ಬಂದು, 2018ರಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು ಮತ್ತೆ ಸೋತರು.

2023ರ ಮಾರ್ಚ್‌ನಲ್ಲಿ ಧ್ರುವನಾರಾಯಣ ಹೃದಯಾಘಾತದಿಂದ ತೀರಿಕೊಂಡರು. ಎರಡು ತಿಂಗಳ ನಂತರ ಅವರದೇ ಪಕ್ಷದ ಗುರುತಿನ ಮೇಲೆ ಕೃಷ್ಣಮೂರ್ತಿ ಕೊಳ್ಳೇಗಾಲದಿಂದ ನಿಂತರು. ಸಂತೆಮರಹಳ್ಳಿಯ ಬೂತುಗಳೂ ಈಗ ಅದೇ ಎಣಿಕೆಯಲ್ಲಿ.

[ಸ್ಕ್ರೀನ್ ಮೇಲೆ: 59,519]

ಇದು ಅವರು ಪಡೆದ ವೋಟಲ್ಲ, ಗೆಲುವಿನ ಅಂತರ.