ಮುಂಬೈಯ ಭೂಗತ ಲೋಕವನ್ನು ಸಾಕಿದ ಕಾಯಿದೆಗಳು

ಸಭಿಕರೇ, ಮುಂಬೈ ಕನ್ನಡಿಗರಿಗೆ ಭೂಗತ ಲೋಕವನ್ನು ಪರಿಚಯಿಸಬೇಕಾಗಿಲ್ಲ. ತೊಂಬತ್ತರ ದಶಕದಲ್ಲಿ ಹೋಟೆಲಿನ ಗಲ್ಲಾದ ಪಕ್ಕದ ಫೋನು ಬಡಿದುಕೊಂಡರೆ ಹಣ ಸುಲಿಯುವವರ ಕರೆಯೇನೋ ಎಂದು ಎದೆ ಧಸಕ್ಕೆನ್ನುತ್ತಿದ್ದುದನ್ನು ಇಲ್ಲಿರುವ ಹಿರಿಯರು ಬಲ್ಲರು. ಅದಕ್ಕೇ ದಾವೂದ್, ರಾಜನ್ ಕಥೆಗಳನ್ನು ಬದಿಗಿಟ್ಟು ಅವರಿಗಿಂತ ಹಿಂದಿನ ಕಾಯಿದೆಗಳ ಮಾತಾಡುತ್ತೇನೆ. ನನ್ನ ಪ್ರಶ್ನೆ ಒಂದೇ: ನಿಷೇಧಿಸಿದಿರಿ ಸರಿ, ಕೊಳ್ಳುವವನು ಎಲ್ಲಿಗೆ ಹೋದ?

1949ರಲ್ಲಿ ಪಾನನಿಷೇಧ ಕಾಯಿದೆ ಬಂತು. ಮುಂಬೈ ಪ್ರಾಂತ್ಯದ ಗೃಹಸಚಿವರು ಮೊರಾರ್ಜಿ ದೇಸಾಯಿ. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಕುಡಿಯುವವನು ಎಲ್ಲಿಗೆ ಹೋದ? ಉಳ್ಳವನಿಗೆ ಆರೋಗ್ಯದ ಹೆಸರಿನಲ್ಲಿ ಪರ್ಮಿಟ್ ಸಿಕ್ಕಿತು. (ಅಷ್ಟೊಂದು ಜನ ಒಮ್ಮೆಗೇ ಕಾಯಿಲೆ ಬಿದ್ದ ಊರು ಇನ್ನೊಂದಿರಲಾರದು!) ಕೂಲಿಯವನು ಗಲ್ಲಿಯೊಳಗೆ ಕದ್ದು ಸಾರಾಯಿ ಮಾರುವ ‘ಆಂಟಿ’ಯ ಮನೆ ಸೇರಿದ. ಕೊಳೆಗೇರಿ, ಜೌಗು ನೆಲಗಳಲ್ಲಿ ಭಟ್ಟಿಗಳು ಎದ್ದವು. ಕಾಯಿಸಿದ ಸಾರಾಯಿಯನ್ನು ಟೈರಿನ ಒಳಗಿನ ರಬ್ಬರ್ ಟ್ಯೂಬಿಗೆ ತುಂಬಿ, ಬಾಯಿ ಬಿಗಿದು, ಮೈಗೆ ಸುತ್ತಿಕೊಂಡು ಸಾಗಿಸುತ್ತಿದ್ದರು. ಒಂದು ಟ್ಯೂಬು ಊರು ದಾಟಬೇಕಾದರೆ ಬೆಲ್ಲ ಕೊಡುವವನು, ಹೊರುವವನು, ಕಾವಲು ನಿಲ್ಲುವವನು, ಹಫ್ತಾ ಪಡೆದು ಮುಖ ತಿರುಗಿಸುವ ಪೇದೆ ಎಲ್ಲರೂ ಬೇಕು. ಇವರನ್ನೆಲ್ಲ ಹಿಡಿದಿಡಲು ಒಬ್ಬ ದೊರೆಯೂ ಬೇಕು. ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ರೈಲು ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ ವರದರಾಜನ್ ಮುದಲಿಯಾರ್ ಆ ದೊರೆಯಾದ.

ಚಿನ್ನದ ಆಮದಿಗೆ ಮೊದಲೇ ತಡೆಯಿತ್ತು. 1963ರ ಸ್ವರ್ಣ ನಿಯಂತ್ರಣ 14 ಕ್ಯಾರೆಟ್‌ಗಿಂತ ಶುದ್ಧವಾದ ಒಡವೆ ಮಾಡುವುದನ್ನೇ ನಿಲ್ಲಿಸಿತು. ಮಗಳ ಮದುವೆ ಇಟ್ಟುಕೊಂಡ ತಂದೆ ಎಲ್ಲಿಗೆ ಹೋಗಬೇಕು? ದುಬೈಯಿಂದ ಹಾಯಿಹಡಗುಗಳು ಬಂದವು. ಕ್ಯಾನ್ವಾಸ್ ಜಾಕೆಟ್ಟಿನ ಸಾಲು ಸಾಲು ಜೇಬುಗಳಲ್ಲಿ ಹತ್ತು ತೊಲದ ಚಿನ್ನದ ಬಿಸ್ಕತ್ತುಗಳು. ನೂರು ತುಂಬಿದರೆ ಹನ್ನೊಂದು ಕಿಲೋಗೂ ಮಿಕ್ಕ ಭಾರ. ಬಂದರಿನ ಕೂಲಿ ಹಾಜಿ ಮಸ್ತಾನ್ ಸಿರಿವಂತನಾದ. ಸ್ವರ್ಣ ನಿಯಂತ್ರಣ ಕಾಯಿದೆ ರದ್ದಾದದ್ದು 1990ರಲ್ಲಿ. ಆಮದೂ ಸಡಿಲವಾದ ಮೇಲೆ ಕಳ್ಳಸಾಗಣೆಯ ಲಾಭ ಕರಗಿತು. ಕೂಟಗಳು ಕರಗಲಿಲ್ಲ, ಬಂದೂಕು ಹಿಡಿದ ಹುಡುಗರು ಬಿಲ್ಡರುಗಳ, ಹೋಟೆಲಿನವರ ಕಡೆ ತಿರುಗಿದರು.

ಸಮಯವಾಯಿತೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. 1947ರ ಬಾಡಿಗೆ ಕಾಯಿದೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಬಾಡಿಗೆ 1940ರ ದರದಲ್ಲೇ ನಿಂತಿತು, ವ್ಯಾಜ್ಯ ದಶಕಗಟ್ಟಲೆ ಎಳೆಯಿತು, ಮನೆ ಖಾಲಿ ಮಾಡಿಸಲು ಮಾಲೀಕ ‘ಭಾಯಿ’ಯ ಬಾಗಿಲಿಗೆ ಹೋದ.

ಬಟ್ಟೆ ಗಿರಣಿಗಳ ಸಂಗತಿ ಮಾತ್ರ ಹೇಳಲೇಬೇಕು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಸರ್ಕಾರ ಮಣಿಯಲಿಲ್ಲ, ಅಸಂಖ್ಯಾತ ಮನೆಗಳ ಒಲೆ ಆರಿತು. ಲಾಲ್‌ಬಾಗ್, ಪರೇಲ್‌ಗಳ ಚಾಳುಗಳಲ್ಲಿ ಬೆಳೆದ ಹುಡುಗರ ಕೈಗೆ ಕೆಲಸ ಕೊಟ್ಟದ್ದು ಗ್ಯಾಂಗುಗಳು. ಗಿರಣಿ ಕಾರ್ಮಿಕನ ಮಗ, ಗ್ಯಾಂಗಿನ ನಾಯಕ ಅರುಣ್ ಗವಳಿ 2004ರಲ್ಲಿ ಶಾಸಕನೇ ಆದ. ಸಂಘಟಿತ ಅಪರಾಧ ತಡೆಯುವ 1999ರ ಮೋಕಾ ಕಾಯಿದೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಗಿರಣಿಯ ಜಾಗದಲ್ಲಿ ಮಾಲ್ ಕಟ್ಟಲು ಅನುಮತಿ ಕೊಟ್ಟ ಸರ್ಕಾರ, ಆ ಹುಡುಗರು ಎಲ್ಲಿಗೆ ಹೋದರೆಂದು ಆಗಲೇ ಕೇಳಬೇಕಿತ್ತು.