‘ಮೇಲಿನವರಿಗೆ ಹೇಳಿದ್ದೇನೆ’

ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ. ಕುಟ್ಟ, ಶ್ರೀಮಂಗಲದ ಕಡೆಯಿಂದ ಬಸ್ ಹಿಡಿದು ಗೋಣಿಕೊಪ್ಪಕ್ಕೆ ಬಂದ ಅಪ್ಪ ಅಮ್ಮಂದಿರೂ ಇಲ್ಲಿದ್ದಾರೆ. ಹಿಂದಿನ ಸಾಲುಗಳಲ್ಲಿ ಟ್ರ್ಯಾಕ್ ಸೂಟ್ ಹಾಕಿಕೊಂಡು ಮಕ್ಕಳು ಕೂತಿದ್ದಾರೆ. ಇವತ್ತಿನ ಮಾತು ಆಟದ ಮೈದಾನದಲ್ಲಿ ಆ ಮಕ್ಕಳ ಸುರಕ್ಷತೆಯ ಬಗ್ಗೆ. ಆದರೆ ನಾನು ಹೇಳುತ್ತಿರುವುದು ಮುಂದಿನ ಸಾಲಿನಲ್ಲಿರುವ ನಮ್ಮಂಥ ದೊಡ್ಡವರಿಗೆ.

ಕಾಲೇಜು ಬಿಡುವಾಗ ನೋ ಡ್ಯೂಸ್ ಫಾರಂ ಅಂತ ಒಂದು ಇರುತ್ತದೆ. ಲೈಬ್ರರಿಯವರು ಸಹಿ ಹಾಕಬೇಕು, ಲ್ಯಾಬಿನವರು ಹಾಕಬೇಕು, ಆಟಗಾರರಾದರೆ ನಾನೂ ಹಾಕಬೇಕು. ನಾನು 28 ವರ್ಷ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದೆ. ಅಂಥ ಸಾವಿರಾರು ಫಾರಂಗಳಿಗೆ ಸಹಿ ಹಾಕಿದ್ದೇನೆ. ಒಂದು ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ಆ ಹುಡುಗಿ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಹಾಕಿಯಲ್ಲಿ ಎಡಗಡೆಯಿಂದ ಬಾಲ್ ತೆಗೆದುಕೊಂಡು ಓಡಿದರೆ ಹಿಡಿಯಲು ಆಗುತ್ತಿರಲಿಲ್ಲ. ಅಪ್ಪ ಅಮ್ಮ ಕಾಫಿ ತೋಟದ ಲೈನ್ ಮನೆಯಲ್ಲಿದ್ದವರು. ಆ ವರ್ಷ ಟೂರ್ನಮೆಂಟಿಗೆ ಮುಂಚೆ ಹೊರಗಿನಿಂದ ಒಬ್ಬ ಕೋಚ್ ಕರೆಸಿದ್ದೆವು. ಒಂದು ಸಂಜೆ ಅವಳು ಸ್ಟೋರ್ ರೂಮಿಗೆ ಬಂದು ಸುಮ್ನೆ ನಿಂತಳು. ತುಂಬಾ ಹೊತ್ತಾದ ಮೇಲೆ, "ಮಿಸ್, ಮೊಣಕಾಲಿಗೆ ಎಣ್ಣೆ ಹಚ್ತೀನಿ ಅಂತ ಸರ್ ರೂಮಿಗೆ ಕರೀತಾರೆ" ಅಂದಳು. ಉಳಿದದ್ದನ್ನು ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನಗೆ ಅರ್ಥವಾಗಿತ್ತು.

ಅದೇ ಸಂಜೆ ನಾನು ಪ್ರಾಂಶುಪಾಲರ ಹತ್ತಿರ ಹೋದೆ. ಎಲ್ಲ ಹೇಳಿದೆ. "ನೀವು ತಲೆಬಿಸಿ ಮಾಡ್ಕೋಬೇಡಿ ಮೇಡಂ, ನಾನು ನೋಡ್ಕೊಳ್ತೀನಿ" ಅಂದರು. ಮನೆಗೆ ಬಂದು ಊಟ ಮಾಡಿ ಮಲಗಿದೆ. ನಿದ್ದೆಯೂ ಬಂತು. ನನ್ನ ಕರ್ತವ್ಯ ಮುಗಿಯಿತು ಅಂತ ನಿಜವಾಗಿ ನಂಬಿದ್ದೆ.

ಕ್ಯಾಂಪ್ ಮುಗಿಯಿತು. ಕೋಚ್‌ಗೆ ಶಾಲು ಹೊದೆಸಿ ಕಳಿಸಿದರು. ಮರುವರ್ಷ ಅವರು ಬೇರೆ ಊರಿನಲ್ಲಿ ಬೇರೆ ಮಕ್ಕಳಿಗೆ ಕೋಚ್ ಆಗಿದ್ದರು. ಹುಡುಗಿ ಆಟ ಬಿಟ್ಟಳು, ಆಮೇಲೆ ಕಾಲೇಜೂ ಬಿಟ್ಟಳು. ಸ್ಟಿಕ್, ಶಿನ್ ಗಾರ್ಡ್ ತಂದು ಮೇಜಿನ ಮೇಲೆ ಇಟ್ಟಳು. ನಾನು ಎಣಿಸಿ ನೋಡಿ, ಬಾಕಿ ಏನೂ ಇಲ್ಲ ಎಂದು ಬರೆದು ಸಹಿ ಹಾಕಿದೆ. ಅವಳಿಗೆ ನಮ್ಮಿಂದ ಬರಬೇಕಾದ ಬಾಕಿ ಎಷ್ಟಿತ್ತು ಅಂತ ಆ ಫಾರಂನಲ್ಲಿ ಬರೆಯಲು ಜಾಗ ಇರಲಿಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಆಗ ಇರಲಿಲ್ಲ, ನಿಜ. ಆದರೆ ಪೊಲೀಸ್ ಠಾಣೆ ಇತ್ತು. ಕಾಲೇಜಿನ ಗೇಟಿನಿಂದ ಐದು ನಿಮಿಷದ ದಾರಿ. ನಾನು ಆ ದಾರಿ ನಡೆಯಲಿಲ್ಲ.

ಇದನ್ನು ಇಷ್ಟು ವರ್ಷ ಯಾಕೆ ಹೊತ್ತುಕೊಂಡಿದ್ದೇನೆ ಅಂದರೆ, ನಾನು ಸುಮ್ಮನಿದ್ದವಳಲ್ಲ. ನಾನು ಹೇಳಿದೆ. ಆದರೆ ಮೇಲಿನವರಿಗೆ ಹೇಳಿದೆ. ಸಂಸ್ಥೆಗಳಲ್ಲಿ ಮೌನ ಹುಟ್ಟುವುದು ಹೀಗೇ ಅಂತ ಈಗ ನನಗೆ ಗೊತ್ತು. ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ, ಅವರು ಮತ್ತೊಬ್ಬರಿಗೆ ಹೇಳುತ್ತಾರೆ. ಹೇಳಿದ ಪ್ರತಿಯೊಬ್ಬರ ಮನಸ್ಸೂ ಹಗುರಾಗುತ್ತದೆ. ಕೊನೆಯಲ್ಲಿ ಇಡೀ ಕಟ್ಟಡಕ್ಕೆ ಗೊತ್ತಿರುತ್ತದೆ, ಗೇಟಿನ ಆಚೆ ಯಾರಿಗೂ ಗೊತ್ತಿರುವುದಿಲ್ಲ.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ಓದಿದಾಗ ನನಗೆ ನನ್ನದೇ ಸಂಜೆ ನೆನಪಾಯಿತು. ಅಲ್ಲಿ ಫುಟ್‌ಬಾಲ್ ಅಂದರೆ ನಮ್ಮಲ್ಲಿ ಹಾಕಿ ಇದ್ದ ಹಾಗೆ. ಜೋ ಪಟರ್ನೊ ಎಂಬ ಕೋಚ್ 1966ರಿಂದ ಆ ತಂಡದ ಮುಖ್ಯಸ್ಥ. 409 ಪಂದ್ಯ ಗೆದ್ದವರು. ಅವರು ಬದುಕಿದ್ದಾಗಲೇ ಅವರ ಪ್ರತಿಮೆ ನಿಲ್ಲಿಸಿದ್ದರು. ಅವರ ಸಹಾಯಕ ಕೋಚ್ ಆಗಿದ್ದವನು ಜೆರ್ರಿ ಸ್ಯಾಂಡಸ್ಕಿ. ಬಡ ಮನೆಯ, ಕಷ್ಟದಲ್ಲಿರುವ ಮಕ್ಕಳಿಗೆ ಸಹಾಯ ಮಾಡುವ ಸಂಸ್ಥೆಯೊಂದನ್ನು 1977ರಲ್ಲಿ ಕಟ್ಟಿದವನೂ ಅವನೇ. ಆ ಮಕ್ಕಳನ್ನೇ ಅವನು ಲೈಂಗಿಕವಾಗಿ ಬಳಸಿಕೊಂಡ.

1998ರಲ್ಲಿ ಒಬ್ಬ ತಾಯಿ ದೂರು ಕೊಟ್ಟಳು. ವಿಚಾರಣೆ ನಡೆಯಿತು, ಕೇಸು ಆಗಲಿಲ್ಲ. 2000ದಲ್ಲಿ ಕ್ಲೀನಿಂಗ್ ಕೆಲಸದವನೊಬ್ಬ ಕಣ್ಣಾರೆ ಕಂಡ. ಕೆಲಸ ಹೋಗುತ್ತದೆ ಅಂತ ಅವನೂ ಅವನ ಜೊತೆಯವರೂ ಹೆದರಿ ಸುಮ್ಮನಾದರು. 2001ರ ಫೆಬ್ರವರಿಯಲ್ಲಿ ಮೈಕ್ ಮೆಕ್‌ಕ್ವೀರಿ ಎಂಬ ಕಿರಿಯ ಸಹಾಯಕ, ರಾತ್ರಿ ಸ್ನಾನದ ಕೋಣೆಯಲ್ಲಿ ಸ್ಯಾಂಡಸ್ಕಿ ಒಬ್ಬ ಹುಡುಗನ ಜೊತೆ ಇರುವುದನ್ನು ನೋಡಿದ. ಮರುದಿನ ಬೆಳಿಗ್ಗೆ ಪಟರ್ನೊ ಮನೆಗೆ ಹೋಗಿ ಹೇಳಿದ. ಪಟರ್ನೊ ಕ್ರೀಡಾ ನಿರ್ದೇಶಕರಿಗೆ ಹೇಳಿದರು. ವಿಷಯ ವಿಶ್ವವಿದ್ಯಾಲಯದ ಉಪಾಧ್ಯಕ್ಷರಿಗೂ ಅಧ್ಯಕ್ಷರಿಗೂ ಮುಟ್ಟಿತು. ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಬರಬೇಡ ಅಂತ ಸ್ಯಾಂಡಸ್ಕಿಗೆ ಹೇಳಿದರು. ಪೊಲೀಸರಿಗೆ ಹೇಳಲಿಲ್ಲ. ಆ ಹುಡುಗ ಯಾರು ಅಂತ ಒಬ್ಬರೂ ಹುಡುಕಲಿಲ್ಲ.

‘ಇಲ್ಲಿಗೆ ಕರೆದುಕೊಂಡು ಬರಬೇಡ’ ಅನ್ನುವ ಮಾತನ್ನು ಸ್ವಲ್ಪ ಯೋಚನೆ ಮಾಡಿ. ಅಂದರೆ ಬೇರೆ ಕಡೆ ಏನಾದರೂ ಆಗಲಿ, ನಮ್ಮ ಜಾಗದಲ್ಲಿ ಬೇಡ. ನಮ್ಮ ಕೋಚ್ ಬೇರೆ ಊರಿಗೆ ಹೋದಾಗ ನಾವು ಪಟ್ಟ ನೆಮ್ಮದಿಯೂ ಅದೇ ಅಲ್ವಾ?

ಸ್ಯಾಂಡಸ್ಕಿಯ ಬಂಧನ ಆಗಿದ್ದು 2011ರ ನವೆಂಬರ್‌ನಲ್ಲಿ. ಹತ್ತು ವರ್ಷಕ್ಕಿಂತ ಜಾಸ್ತಿ ಹೋಗಿತ್ತು. ಮುಂದಿನ ವರ್ಷ 45 ಆರೋಪಗಳು ಸಾಬೀತಾಗಿ 30ರಿಂದ 60 ವರ್ಷದ ಶಿಕ್ಷೆಯಾಯಿತು. ಬಂಧನವಾದ ಕೆಲವೇ ದಿನಗಳಲ್ಲಿ ಪಟರ್ನೊ ಅವರನ್ನು ಕೆಲಸದಿಂದ ತೆಗೆದರು. ಆ ರಾತ್ರಿ ವಿದ್ಯಾರ್ಥಿಗಳು ಬೀದಿಗೆ ಬಂದು ಟಿವಿಯವರ ವ್ಯಾನ್ ಉರುಳಿಸಿದರು. ಆ ಸಿಟ್ಟು ಕೋಚ್‌ನ ಪರವಾಗಿ ಬಂದ ಸಿಟ್ಟು. ಪಟರ್ನೊ ಆಗ, ಇನ್ನೂ ಹೆಚ್ಚು ಮಾಡಬೇಕಿತ್ತು ಅನ್ನಿಸುತ್ತಿದೆ ಎಂದು ಹೇಳಿಕೆ ಕೊಟ್ಟರು. ಎರಡೇ ತಿಂಗಳಿಗೆ ತೀರಿಹೋದರು. ಅವರನ್ನು ಕೆಟ್ಟವರು ಅಂತ ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರೂ ಮೇಲಿನವರಿಗೆ ಹೇಳಿದ್ದರು.

ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾ ವೈದ್ಯ ಲ್ಯಾರಿ ನಾಸರ್ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಚಿಕಿತ್ಸೆ ಅಂತ ಹೇಳಿ ಜಿಮ್ನಾಸ್ಟಿಕ್ಸ್ ಮಕ್ಕಳನ್ನು ಮುಟ್ಟುತ್ತಿದ್ದ. 1997ರಲ್ಲೇ ಹದಿನಾರರ ಹುಡುಗಿಯೊಬ್ಬಳು ಅಲ್ಲಿನ ಕೋಚ್‌ಗೆ ಹೇಳಿದ್ದಳು. ಆ ಕೋಚ್ ಹೆಂಗಸು. ದೂರು ಮುಂದಕ್ಕೆ ಹೋಗಲಿಲ್ಲ. 2016ರಲ್ಲಿ ರೇಚಲ್ ಡೆನ್‌ಹಾಲಂಡರ್ ಪತ್ರಿಕೆಯ ಮುಂದೆ ತಮ್ಮ ಹೆಸರು ಹೇಳಿ ಮಾತಾಡಿದ ಮೇಲೆ ಬಾಗಿಲು ತೆರೆಯಿತು. 2018ರ ಜನವರಿಯಲ್ಲಿ ಕೋರ್ಟಿನಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಮಾತಾಡಿದರು. ವಿಶ್ವವಿದ್ಯಾಲಯ 332 ಜನರಿಗೆ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು.

1997 ಅಂದ ಕೂಡಲೇ ನಮಗೆ ಕರಡ ಗ್ರಾಮ ನೆನಪಾಗುತ್ತದೆ. ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ನಮ್ಮೆ, ಅಂದರೆ ಹಾಕಿ ಹಬ್ಬ, ಶುರುಮಾಡಿದ ವರ್ಷ. ನಮ್ಮ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪು ಕೊಟ್ಟು, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಲೇಬೇಕು ಅಂದಿದ್ದೂ ಅದೇ ವರ್ಷ. ಹಾಕಿ ನಮ್ಮೆ ನಮಗೆ ಮನೆಮಾತಾಯಿತು. 60 ಕುಟುಂಬದಿಂದ ಶುರುವಾಗಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ವಿಶಾಖಾ ತೀರ್ಪು ಮಾತ್ರ ನಮ್ಮ ಮೈದಾನಗಳಿಗೆ ಬರಲೇ ಇಲ್ಲ.

ನಮ್ಮ ಕೊಡಗು ಜಿಲ್ಲೆಯ ಬಗ್ಗೆ ನನಗೆ ಹೆಮ್ಮೆಯಿದೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅಶ್ವಿನಿ ನಾಚಪ್ಪ, ರೋಹನ್ ಬೋಪಣ್ಣ ಅಂತ ಆಟಗಾರರ ಹೆಸರು ಹೇಳುತ್ತಾ ಹೋದರೆ ಸಂಜೆಯಾಗುತ್ತದೆ. ಹಾಕಿ ನಮ್ಮೆಯಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಓಡುವುದನ್ನು ನೋಡಿ ಕಣ್ಣು ತುಂಬಿಕೊಂಡವಳು ನಾನು. ಆದರೆ ಅದೇ ಹೆಮ್ಮೆ ನಮ್ಮ ಬಾಯಿಯನ್ನೂ ಕಟ್ಟುತ್ತದೆ. ಇಲ್ಲಿ ಒಬ್ಬರ ಹೆಸರಿಗಿಂತ ಮೊದಲು ಮನೆತನದ ಹೆಸರು ಬರುತ್ತದೆ. ಹುಡುಗಿ ದೂರು ಕೊಟ್ಟರೆ ಅವಳೊಬ್ಬಳ ಮಾತಾಗಿ ಉಳಿಯುವುದಿಲ್ಲ, ಇಡೀ ಒಕ್ಕದ, ಅಂದರೆ ಮನೆತನದ ಮಾತಾಗುತ್ತದೆ. ಯಾರ ಮೇಲೆ ದೂರೋ ಅವರು ನೆಂಟರಾಗಿರುತ್ತಾರೆ, ನೆಂಟರ ನೆಂಟರಾಗಿರುತ್ತಾರೆ. ಮುಂದಿನ ಮದುವೆ ಮನೆಯಲ್ಲಿ ಎದುರಿಗೇ ಸಿಗುತ್ತಾರೆ. "ಮರ್ಯಾದೆ ಪ್ರಶ್ನೆ, ನಮ್ಮೊಳಗೇ ಮುಗಿಸೋಣ" ಅನ್ನುತ್ತಾರೆ. ನಮ್ಮೊಳಗೆ ಮುಗಿಸುವುದು ಅಂದರೆ ಇಷ್ಟು ವರ್ಷ ಆಗಿರುವುದು ಒಂದೇ. ಆ ಮಗು ಆಟ ಬಿಡುತ್ತದೆ.

ಒಕ್ಕದ ಬೆಂಬಲ ಕೂಡ ಇಲ್ಲದ ಮಕ್ಕಳ ಬಗ್ಗೆ ನನಗೆ ಇನ್ನೂ ಜಾಸ್ತಿ ಚಿಂತೆ. ಲೈನ್ ಮನೆಯ ಮಕ್ಕಳು, ಎರವರ, ಕುರುಬರ ಹಾಡಿಯಿಂದ ಬಂದ ಮಕ್ಕಳು. ಅವರಿಗೆ ಹಾಸ್ಟೆಲಿನ ಮೊಟ್ಟೆ, ಹಾಲು, ಕೊನೆಗೆ ಒಂದು ಕೆಲಸ, ಎಲ್ಲ ಬರುವುದು ಆಟದಿಂದ. ಟೀಮಿಗೆ ಸೇರಿಸುವವರು ಕೋಚ್. ಸರ್ಟಿಫಿಕೇಟಿಗೆ ಸಹಿ ಅವರದೇ. ಸ್ಪೋರ್ಟ್ಸ್ ಕೋಟಾಕ್ಕೆ, ರೈಲ್ವೆಗೆ, ಪೊಲೀಸ್ ಕೆಲಸಕ್ಕೆ ಶಿಫಾರಸು ಮಾಡುವವರೂ ಅವರೇ. ಇಷ್ಟೂ ಒಬ್ಬರ ಪೆನ್ನಿನಲ್ಲಿ ಇಟ್ಟುಬಿಟ್ಟು, ಮಗು ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳುವುದು ಅನ್ಯಾಯ. ಆಯ್ಕೆಗೆ ಮೂರು ಜನ ಕೂರಲಿ. ಅದರಲ್ಲಿ ಒಬ್ಬರು ಹೊರಗಿನವರಾಗಿರಲಿ. ಇದಕ್ಕೆ ಕಾಲೇಜಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನೊಂದು ವಿಷಯ. "ನಾಲ್ಕು ಏಟು ಬಿದ್ದರೇ ಆಟ ಬರೋದು" ಅಂತ ನಾವೇ ಮಕ್ಕಳ ಮುಂದೆ ಹೇಳುತ್ತೇವೆ. ಸ್ಟಿಕ್ಕಿನಿಂದ ಹೊಡೆದರೂ, ಬಿದ್ದುಹೋಗುವ ತನಕ ರೌಂಡ್ ಓಡಿಸಿದರೂ ಶಿಸ್ತು ಅನ್ನುತ್ತೇವೆ. ಏಟು ತಿಂದು ತುಟಿ ಕಚ್ಚಿಕೊಂಡು ನಿಲ್ಲುವುದನ್ನು ಕಲಿತ ಮಗು, ರೂಮಿನಲ್ಲಿ ಮೈ ಮುಟ್ಟಿದಾಗಲೂ ಹಾಗೇ ನಿಲ್ಲುತ್ತದೆ.

ಗಂಡು ಮಕ್ಕಳಿಗೆ ಏನೂ ಆಗುವುದಿಲ್ಲ ಅಂದುಕೊಂಡವರು ಇಲ್ಲಿದ್ದರೆ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ರಿಚರ್ಡ್ ಸ್ಟ್ರಾಸ್ ವಿಷಯ ತಿಳಿದುಕೊಳ್ಳಿ. ಅವನು 1978ರಿಂದ 1998ರ ತನಕ ಕನಿಷ್ಠ 177 ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ ಎಂದು 2019ರ ವರದಿ ಹೇಳಿತು. ಅವರಲ್ಲಿ ಕುಸ್ತಿ ಆಡುವ ಗಟ್ಟಿಮುಟ್ಟಾದ ಹುಡುಗರೂ ಇದ್ದರು. 1979ರಷ್ಟು ಹಿಂದೆಯೇ ಅಲ್ಲಿನ ಸಿಬ್ಬಂದಿಗೆ ಗೊತ್ತಿತ್ತು.

ನಮ್ಮ ದೇಶದ್ದು ದೂರದ ಮಾತಲ್ಲ. 2023ರಲ್ಲಿ ಕುಸ್ತಿಪಟುಗಳಾದ ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಕುಸ್ತಿ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಅವರದು ಲೈಂಗಿಕ ಕಿರುಕುಳದ ಆರೋಪ. ಸಿಂಗ್ ಅದನ್ನು ಅಲ್ಲಗಳೆದಿದ್ದಾರೆ, ವಿಷಯ ಕೋರ್ಟಿಗೆ ಹೋಗಿದೆ. ನಾನು ತೀರ್ಪು ಹೇಳುವವಳಲ್ಲ. ಆದರೆ ಎಫ್‌ಐಆರ್ ಆಗಬೇಕಾದರೆ ಒಲಿಂಪಿಕ್ ಪದಕ ಗೆದ್ದವರೇ ಬೀದಿಯಲ್ಲಿ ಮಲಗಿ, ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಇಂಥ ದೂರು ಕೇಳುವ ಆಂತರಿಕ ಸಮಿತಿ ಸರಿಯಾಗಿಲ್ಲ ಅಂತ ಕುಸ್ತಿ ಸೇರಿ ಹಲವು ಫೆಡರೇಷನ್‌ಗಳಿಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಆ ವರ್ಷ ಮೇ ತಿಂಗಳಲ್ಲಿ ನೋಟಿಸ್ ಕೊಟ್ಟಿತು. ಪದಕ ಗೆದ್ದವರ ಗತಿಯೇ ಹೀಗಾದರೆ ನಮ್ಮ ಹಾಸ್ಟೆಲಿನ ಹುಡುಗಿ ಯಾರ ಹತ್ತಿರ ಹೋಗಬೇಕು?

ಅದಕ್ಕೆ ಉತ್ತರ ಕಾನೂನಿನಲ್ಲಿದೆ. ದಯವಿಟ್ಟು ಗಮನ ಕೊಟ್ಟು ಕೇಳಿ. ಪಿಯು ಮಕ್ಕಳಲ್ಲಿ ಹೆಚ್ಚಿನವರಿಗೆ 18 ಆಗಿರುವುದಿಲ್ಲ. ನಾವು ಕಾಲೇಜು ಅನ್ನುತ್ತೇವೆ, ಕಾನೂನಿನ ಕಣ್ಣಿಗೆ ಅವರು ಮಕ್ಕಳು. ಅವರಿಗೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅದರ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಪ್ರಾಂಶುಪಾಲರಿಗೆ ಹೇಳಿದೆ ಅಂದರೆ ಸಾಲುವುದಿಲ್ಲ. ತಿಳಿಸದೆ ಹೋದರೆ ಆರು ತಿಂಗಳ ತನಕ ಜೈಲು. ಕೈಕೆಳಗಿನವರ ತಪ್ಪನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದ ತನಕ. ಮಗುವಿನ ಹೆಸರು ಹೊರಗೆ ಬಿಡುವುದೂ ಅಪರಾಧವೇ. ಮರ್ಯಾದೆಗೆ ಹೆದರುವ ಅಪ್ಪ ಅಮ್ಮಂದಿರು ಇದನ್ನು ಮರೆಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಡಿಗ್ರಿ ಹೆಣ್ಣುಮಕ್ಕಳಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ, 2015ರ ಯುಜಿಸಿ ನಿಯಮಗಳಿವೆ. ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಪಂದ್ಯ ನಡೆಯುವ ಜಾಗ ಕೂಡ ಕೆಲಸದ ಜಾಗ ಅಂತಲೇ ಕಾಯ್ದೆಯಲ್ಲಿ ಬರೆದಿದೆ. ಸಮಿತಿಯ ಅಧ್ಯಕ್ಷೆ ಹೆಂಗಸಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಮಯ ಸಿಗುತ್ತದೆ. ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಎಷ್ಟು ಕಾಲೇಜುಗಳ ಗೋಡೆಯಲ್ಲಿ ನೀವು ಅದನ್ನು ನೋಡಿದ್ದೀರಿ? ಆಫೀಸ್ ರೂಮಿನ ಬೀರುವಿನಲ್ಲಿ ಇಟ್ಟರೆ ಆಗಲಿಲ್ಲ. ಹುಡುಗಿಯರ ಡ್ರೆಸ್ಸಿಂಗ್ ರೂಮಿನ ಗೋಡೆಗೆ ಅಂಟಿಸಿ.

ಕಾನೂನಿಗಿಂತ ಮುಂಚೆ ನಮ್ಮ ಕೈಯಲ್ಲಿರುವ ಸಣ್ಣ ಸಣ್ಣ ಕೆಲಸಗಳಿವೆ. ಹುಡುಗಿಯರ ಟೀಮ್ ಹೊರಗೆ ಹೋದರೆ ಜೊತೆಗೆ ಒಬ್ಬ ಮೇಡಂ ಹೋಗಲೇಬೇಕು. ಮೈ ಕೈಗೆ ಎಣ್ಣೆ ಹಚ್ಚುವುದು, ಉಳುಕು ನೋಡುವುದು ಇನ್ನೊಬ್ಬ ದೊಡ್ಡವರ ಎದುರಿಗೇ ಆಗಬೇಕು. ಕೋಚ್ ಮೆಸೇಜ್ ಕಳಿಸುವುದಿದ್ದರೆ ಗ್ರೂಪಿಗೆ ಕಳಿಸಲಿ, ಒಬ್ಬ ಹುಡುಗಿಗೆ ರಾತ್ರಿ ಹತ್ತು ಗಂಟೆಗೆ ಬೇಡ. ಒಬ್ಬಳೇ ಹುಡುಗಿ, ಒಬ್ಬರೇ ಮೇಷ್ಟ್ರು ಇದ್ದಾಗ ಬಾಗಿಲು ತೆರೆದಿರಬೇಕು. ಒಳ್ಳೆಯ ಕೋಚ್‌ಗಳಿಗೆ ಇದರಿಂದ ಅವಮಾನ ಆಗುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದ ಒಳ್ಳೆಯವರು ಬಹಳ ಜನ ಇದ್ದಾರೆ. ಅವರು ಹೇಳಿಸಿಕೊಳ್ಳದೆಯೇ ಹೀಗೆ ನಡೆದುಕೊಂಡವರು.

ಆ ಹುಡುಗಿಯನ್ನು ನಾನು ಆಮೇಲೆ ಒಮ್ಮೆ ನೋಡಿದೆ, ವಿರಾಜಪೇಟೆ ಸಂತೆಯಲ್ಲಿ. ಕೈಯಲ್ಲಿ ಮಗು ಇತ್ತು. "ಚೆನ್ನಾಗಿದ್ದೀರಾ ಮಿಸ್?" ಅಂತ ಅವಳೇ ಕೇಳಿದಳು. ಆ ದಿನ ನಾನು ಕ್ಷಮೆ ಕೇಳಬೇಕಿತ್ತು. ಸಂತೆಯಲ್ಲಿ ಜನ ಇದ್ದಾರೆ ಅಂತ ಸುಮ್ಮನಾದೆ. ಅದು ನನ್ನ ಎರಡನೇ ಮೌನ.

ಇನ್ನು ನಾನು ಭಾಷಣ ಮುಂದುವರಿಸುವುದಿಲ್ಲ. ಪೋಷಕರು, ಮೇಷ್ಟ್ರುಗಳು, ಆಡಳಿತ ಮಂಡಳಿಯವರು ದಯವಿಟ್ಟು ಎದ್ದು ಆಚೆ ವರಾಂಡಕ್ಕೆ ಹೋಗಿ. ಅಲ್ಲಿ ಕಾಫಿ ಇಟ್ಟಿದ್ದಾರೆ. ಮಕ್ಕಳು ಮಾತ್ರ ಇಲ್ಲಿರಲಿ. ನಾನೂ, ಇಲ್ಲಿ ಕೂತಿರುವ ವಕೀಲೆ ಮೇಡಂ ಇಬ್ಬರೂ ಅವರ ಜೊತೆ ಒಂದು ಗಂಟೆ ಕೂರುತ್ತೇವೆ. ಹಿಂದಿನ ಸಾಲಿನವರು ಮುಂದೆ ಬನ್ನಿ. ಬಾಗಿಲು ಹಾಕಬೇಡಿ, ಹಾಗೇ ತೆರೆದಿರಲಿ.