ಕೆಂಪು ಮಣಿ

ಕೇಳುಗರಿಗೆ ನಮಸ್ಕಾರ.

ನಾನು ಮಕ್ಕಳ ಡಾಕ್ಟರು. ಬಡ ಹಳ್ಳಿಗಳಲ್ಲಿ ಎಳೆ ಕೂಸುಗಳು ಯಾಕೆ ಸಾಯುತ್ತವೆ ಅಂತ ಹೇಳಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಈ ಪ್ರಶ್ನೆ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಆಸ್ಪತ್ರೆ ದೂರ, ರಸ್ತೆ ಸರಿಯಿಲ್ಲ, ಡಾಕ್ಟರಿಲ್ಲ. ನಿಜವೇ. ಆದರೆ ಆಸ್ಪತ್ರೆಗೆ ಹೊರಡುವ ಮೊದಲು ಇನ್ನೊಂದು ಆಗಬೇಕಲ್ವಾ? ಕೂಸಿಗೆ ಹುಷಾರಿಲ್ಲ ಅಂತ ಮನೆಯಲ್ಲಿ ಯಾರಿಗಾದರೂ ಗೊತ್ತಾಗಬೇಕು. ಎಲ್ಲರಿಗಿಂತ ಮೊದಲು ಗೊತ್ತಾಗಬೇಕಾದ್ದು ಕೂಸನ್ನು ಎತ್ತಿಕೊಂಡವರಿಗೆ. ನಾನು ಹೇಳಲು ಬಂದಿರುವುದು ಇಷ್ಟೇ.

ಜಗತ್ತಿನಲ್ಲಿ ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹುಟ್ಟಿದ ಮೊದಲ 28 ದಿನದಲ್ಲೇ ಹೋಗುತ್ತವೆ. ಅಂದರೆ ಬಾಣಂತಿ ಇನ್ನೂ ಕೋಣೆ ಬಿಟ್ಟು ಹೊರಗೆ ಬಂದಿರುವುದಿಲ್ಲ. ಆ ದಿನಗಳಲ್ಲಿ ಕೂಸನ್ನು ನೋಡುವವರು ಯಾರು? ತಾಯಿ, ಅಜ್ಜಿ, ಸೂಲಗಿತ್ತಿ. ಡಾಕ್ಟರಲ್ಲ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ಡಾಕ್ಟರ್ ದಂಪತಿ. ಅಮೆರಿಕದಲ್ಲಿ ಓದು ಮುಗಿಸಿ 1986ರ ಹೊತ್ತಿಗೆ ಮಹಾರಾಷ್ಟ್ರದ ಗಡ್ಚಿರೋಲಿಗೆ ಬಂದರು. ಕಾಡು ಜಾಸ್ತಿ, ಬಡತನ ಇನ್ನೂ ಜಾಸ್ತಿ ಇರುವ ಜಿಲ್ಲೆ ಅದು. ಅಲ್ಲಿ ಮಕ್ಕಳನ್ನು ಹೆಚ್ಚಾಗಿ ಕೊಲ್ಲುತ್ತಿದ್ದ ಕಾಯಿಲೆಗಳಲ್ಲಿ ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು, ಒಂದು.

ನ್ಯುಮೋನಿಯಾ ಗುರುತಿಸುವುದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಕೆಮ್ಮುವ ಕೂಸು ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಅಂತ ಎಣಿಸಿದರೆ ಸಾಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ. ಎರಡು ತಿಂಗಳಿಂದ ಒಂದು ವರ್ಷದವರೆಗೆ 50. ಅದರಾಚೆ, ಐದು ವರ್ಷದವರೆಗೆ 40. ಸುಲಭ ಅನ್ನಿಸುತ್ತದೆ. ಆದರೆ ಆ ಹಳ್ಳಿಗಳ ಸೂಲಗಿತ್ತಿಯರಿಗೆ ಓದು ಬರಹ ಇರಲಿಲ್ಲ. ಹತ್ತು ಹನ್ನೆರಡರ ಆಚೆ ಎಣಿಸಲು ಬರುತ್ತಿರಲಿಲ್ಲ. ಕೈಯಲ್ಲಿ ಗಡಿಯಾರವೂ ಇಲ್ಲ. ನೂರಾರು ಕೂಸುಗಳನ್ನು ಕೈಯಾರೆ ಹಿಡಿದ ಹೆಂಗಸರು ಅವರು. ಅರವತ್ತು ಎಣಿಸಲು ಬರುವುದಿಲ್ಲ ಅಂತ ಅವರನ್ನು ಹೊರಗಿಡಬೇಕಾ?

ಬಂಗ್ ದಂಪತಿ ಹಾಗೆ ಮಾಡಲಿಲ್ಲ. ಒಂದು ಸಣ್ಣ ಸಾಧನ ಮಾಡಿಸಿದರು. ಅದರಲ್ಲಿ ಒಂದು ನಿಮಿಷಕ್ಕೆ ಖಾಲಿಯಾಗುವ ಮರಳಿನ ಗಡಿಯಾರ. ಪಕ್ಕದಲ್ಲಿ ಮಣಿಗಳ ಎರಡು ಸಾಲು. ಒಂದು ಸಾಲು ತೀರಾ ಎಳೆ ಕೂಸಿಗೆ, ಇನ್ನೊಂದು ಸ್ವಲ್ಪ ದೊಡ್ಡದಕ್ಕೆ. ಮರಳು ತಿರುಗಿಸಿ ಇಡುವುದು, ಕೂಸಿನ ಹೊಟ್ಟೆ ನೋಡುತ್ತಾ ಹತ್ತು ಉಸಿರು ಎಣಿಸುವುದು, ಒಂದು ಮಣಿ ಸರಿಸುವುದು. ಮತ್ತೆ ಹತ್ತು, ಇನ್ನೊಂದು ಮಣಿ. ಕೊನೆಯದು ಕೆಂಪು ಮಣಿ. ಮರಳು ಮುಗಿಯುವುದರೊಳಗೆ ಕೈ ಕೆಂಪು ಮಣಿಗೆ ಬಂತೆಂದರೆ ಅದು ನ್ಯುಮೋನಿಯಾ. ಅಷ್ಟೇ!

ನನಗೆ ಈ ಕತೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ. ಹತ್ತು ಎಣಿಸಲು ಬರುವ ಹೆಂಗಸು ರೋಗ ಗುರುತಿಸಿದಳು, ಔಷಧಿಯನ್ನೂ ಕೊಟ್ಟಳು. ನ್ಯುಮೋನಿಯಾದಿಂದ ಸಾಯುವ ಮಕ್ಕಳು ಕಡಿಮೆಯಾದರು. ಓದು ಬಾರದವರಿಗೆ ಇದೆಲ್ಲ ಏನು ತಿಳಿಯುತ್ತದೆ ಅಂತ ಈಗಲೂ ನನ್ನನ್ನು ಕೇಳುವವರಿದ್ದಾರೆ. ಅವರಿಗೆ ನಾನು ಈ ಮಣಿಯ ಕತೆಯನ್ನೇ ಹೇಳುವುದು.

ಆಮೇಲೆ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಇನ್ನೂ ಮುಂದೆ ಹೋದರು. ಊರಿನದೇ ಹೆಂಗಸರಿಗೆ ತರಬೇತಿ ಕೊಟ್ಟರು. ಅವರು ಮನೆಮನೆಗೆ ಹೋಗಿ ಕೂಸಿನ ತೂಕ ನೋಡಿದರು, ಬೆಚ್ಚಗಿಡುವುದು ಹೇಗೆ ಎಂದು ತೋರಿಸಿದರು, ನಂಜಾದರೆ ಇಂಜೆಕ್ಷನ್ ಕೂಡ ಕೊಟ್ಟರು. ಮೊದಲು ಹುಟ್ಟಿದ ಸಾವಿರ ಕೂಸುಗಳಲ್ಲಿ 62 ಮೊದಲ ತಿಂಗಳಲ್ಲೇ ಸಾಯುತ್ತಿದ್ದವು. ಮೂರು ವರ್ಷದಲ್ಲಿ ಅದು 25ರ ಹತ್ತಿರಕ್ಕೆ ಇಳಿಯಿತು. ಈ ಲೆಕ್ಕ 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿದ್ದರಿಂದ ಆದದ್ದಲ್ಲ ಇದು. ಕೂಸಿನ ಪಕ್ಕದಲ್ಲಿ ಇದ್ದವರಿಗೆ ನೋಡಲು ಕಲಿಸಿದ್ದರಿಂದ ಆದದ್ದು.

ಸಮಯ ಕಡಿಮೆ ಉಳಿದಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹುಟ್ಟಿದಾಗ ಎರಡೂವರೆ ಕೆಜಿಗಿಂತ ಕಡಿಮೆ ಇದ್ದ ಕೂಸಿಗೆ ಅಪಾಯ ಜಾಸ್ತಿ. ತಾಯಿ ತೀರಾ ಚಿಕ್ಕವಳಾದರೆ, ಹೊಟ್ಟೆ ತುಂಬ ಊಟ ಇಲ್ಲದಿದ್ದರೆ, ಹೆರಿಗೆಗಳ ನಡುವೆ ಅಂತರ ಇಲ್ಲದಿದ್ದರೆ ಕೂಸು ಸಣ್ಣದಾಗಿ ಹುಟ್ಟುವ ಸಾಧ್ಯತೆ ಹೆಚ್ಚು. ಅಂಥ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳಿ. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಾಲು ಕುಡಿಸಿ. ಅದು ಹಳದಿ ಇದೆ ಅಂತ ದಯವಿಟ್ಟು ಹಿಂಡಿ ಚೆಲ್ಲಬೇಡಿ. ಹುಟ್ಟಿದ ದಿನವೇ ಸ್ನಾನ ಬೇಡ. ಹೊಕ್ಕುಳಿಗೆ ಏನನ್ನೂ ಹಚ್ಚಬೇಡಿ.

ಅಜ್ಜಿಯರೇ, ಇದು ನಿಮಗೆ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಕುಡಿಯುವುದು ಬಿಟ್ಟರೆ, ಅಳು ಕ್ಷೀಣವಾದರೆ, ಕೈಕಾಲು ಜೋಲು ಬಿದ್ದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ ಬೆಳಗಾಗಲಿ ಅಂತ ಸುಮ್ನೆ ಕೂರಬೇಡಿ. ದೃಷ್ಟಿ ತೆಗೆಯುತ್ತೀರಾ, ತೆಗೆಯಿರಿ, ಆದರೆ ಗಾಡಿಯಲ್ಲಿ ಕೂತು ತೆಗೆಯಿರಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.

ಗಡ್ಚಿರೋಲಿಯ ಆ ಕೆಲಸವೇ 2011ರಿಂದ ನಮ್ಮ ದೇಶದಲ್ಲಿ ಆಶಾ ಕಾರ್ಯಕರ್ತೆಯರ ಕೆಲಸವಾಗಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರು 42 ದಿನದೊಳಗೆ ಆರು ಸಲ ನಿಮ್ಮ ಮನೆಗೆ ಬರಬೇಕು. ಮನೆಯಲ್ಲೇ ಆದರೆ ಏಳು ಸಲ. ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕರೆದು ಕೂರಿಸಿ. ‘ನಮ್ಮ ಕೂಸಿನ ಉಸಿರು ಎಣಿಸಿ ತೋರಿಸಮ್ಮಾ’ ಅನ್ನಿ. ಅವರು ಎಣಿಸುವಾಗ ನೀವೂ ಜೊತೆಗೆ ಎಣಿಸಿ. ಒಂದು ನಿಮಿಷದ ಕೆಲಸ.

ನಮಸ್ಕಾರ.